"ಮನೆದೇವರು ಯಾವುದು?" ಅಂತ ಕೇಳಿಬಿಟ್ಟೆ. ಯಾಕೆ ಕೇಳಿದೆ?

ಮಲ್ಲಿಗೆ_ಮೈಸೂರು · ಮಂಗಳವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಮ್ಮದು ಮೈಸೂರು. ಕೆಳಗೆ ನಾವಿದ್ದೇವೆ, ಮೇಲಿನ ಮನೆಯನ್ನು ಬಾಡಿಗೆಗೆ ಕೊಡುತ್ತೇವೆ. ಎರಡು ತಿಂಗಳಿಂದ ಖಾಲಿ ಇದೆ. ಭಾನುವಾರ ಒಬ್ಬ ಹುಡುಗ ಮನೆ ನೋಡಲು ಬಂದಿದ್ದ. ಬ್ಯಾಂಕ್ ಕೆಲಸ, ಹೊಸದಾಗಿ ಮದುವೆ. ನಲ್ಲಿ ತಿರುಗಿಸಿ ನೋಡಿದ. ಸಂಪು ಎಷ್ಟು ದೊಡ್ಡದು ಅಂತ ಕೇಳಿದ. ಬಟ್ಟೆ ಒಣಗಿಸುವ ಜಾಗ ನೋಡಿದ. ಬಾಡಿಗೆ, ಅಡ್ವಾನ್ಸ್ ಎರಡಕ್ಕೂ ಒಪ್ಪಿದ. ಕಾಫಿ ಕೊಟ್ಟೆ. ಅವನು ಕುಡಿಯುತ್ತಿರುವಾಗ ಸುಮ್ನೆ ಮಾತಿಗೆ ಅನ್ನುವ ಹಾಗೆ ಕೇಳಿದೆ: "ನಿಮ್ಮ ಮನೆದೇವರು ಯಾವುದಪ್ಪಾ?"

ಅವನು ಲೋಟ ಕೆಳಗಿಟ್ಟ. "ಆಂಟಿ, ಜಾತಿ ತಿಳಿಯಬೇಕಿದ್ದರೆ ನೇರವಾಗಿ ಕೇಳಿ, ಹೇಳುತ್ತೇನೆ" ಅಂದ. ದನಿ ಏರಿಸಲಿಲ್ಲ. ನಾನು "ಅಯ್ಯೋ, ಹಾಗೇನಿಲ್ಲಪ್ಪಾ" ಅಂದೆ. ಅವನೇ ಹೇಳಿದ. ನಾನು "ಯಜಮಾನರನ್ನು ಕೇಳಿ ತಿಳಿಸುತ್ತೇನೆ" ಅಂದೆ. ಆ ಮಾತಿನ ಅರ್ಥ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾಫಿ ಅರ್ಧ ಉಳಿಸಿ ಹೋದ.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳು. ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದವಳು. ಯಾರನ್ನೂ ದ್ವೇಷಿಸಿದವಳಲ್ಲ. ಹಾಗಿದ್ದರೆ ಆ ಪ್ರಶ್ನೆ ನನ್ನ ಬಾಯಿಂದ ಹೇಗೆ ಬಂತು? ಉತ್ತರ ಕೇಳಿದ ಮೇಲೆ ಮನಸ್ಸು ಯಾಕೆ ಹಿಂದೆ ಸರಿಯಿತು? ಮೂರು ದಿನದಿಂದ ಇದೇ ಯೋಚನೆ. ಬೈಯುವುದಿದ್ದರೆ ಬೈಯಿರಿ. ಆದರೆ ಯಾಕೆ ಅನ್ನುವುದನ್ನೂ ಯಾರಾದರೂ ಹೇಳಿ.

ಸ್ವಂತ_ಮನೆ · ಮಂಗಳವಾರ ರಾತ್ರಿ 11:15

ಮೇಡಂ, ಇಷ್ಟಕ್ಕೆಲ್ಲಾ ನಿದ್ದೆ ಕೆಡಿಸಿಕೊಳ್ಳಬೇಡಿ. ಮನೆ ನಿಮ್ಮದು. ಸಾಲ ತೀರಿಸಿದವರು ನೀವು. ಯಾರು ಮೆಟ್ಟಿಲು ಹತ್ತಬೇಕು ಅಂತ ನೀವು ತೀರ್ಮಾನ ಮಾಡುವುದು ತಪ್ಪಲ್ಲ. ಊಟ, ಮಡಿ, ಹಬ್ಬ ಎಲ್ಲಾ ಹೊಂದಿಕೆ ಆಗಬೇಕು. ನಮ್ಮವರೇ ಆದರೆ ನೆಮ್ಮದಿ. ಅದು ದ್ವೇಷ ಅಲ್ಲ, ಅನುಕೂಲ ಅಷ್ಟೇ.

ಪಾಠದ_ಮೇಷ್ಟ್ರು · ಬುಧವಾರ ಬೆಳಿಗ್ಗೆ 7:05

ನಾನು ಡಿಗ್ರಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಮೇಡಂ ಕೇಳಿದ "ಯಾಕೆ" ಅನ್ನುವುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.

"ದ್ವೇಷ ಇಲ್ಲದಿದ್ದರೂ ಹೀಗೇಕಾಯಿತು" ಅಂತ ನೀವು ಕೇಳುತ್ತಿದ್ದೀರಿ. "ದ್ವೇಷ ಅಲ್ಲ, ಅಷ್ಟೇ ಸಾಕು" ಅಂತ ಮೇಲಿನ ಸರ್ ಹೇಳುತ್ತಿದ್ದಾರೆ. ತಾರತಮ್ಯಕ್ಕೆ ದ್ವೇಷ ಬೇಕೇ ಬೇಕು ಅಂತ ಇಬ್ಬರೂ ಅಂದುಕೊಂಡಿದ್ದೀರಿ. ಬೇಕಿಲ್ಲ. "ನಮ್ಮವರು" ಅನ್ನುವ ಒಂದು ಪದ ಸಾಕು.

ಹೆನ್ರಿ ತಾಜ್‌ಫೆಲ್ ಅಂತ ಒಬ್ಬ ಮನಃಶಾಸ್ತ್ರಜ್ಞ ಇದ್ದರು. 1919ರಲ್ಲಿ ಪೋಲೆಂಡಿನ ಯಹೂದಿ ಮನೆಯಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರಿಗೆ ಸೆರೆ ಸಿಕ್ಕರು. ತಾನು ಪೋಲೆಂಡಿನ ಯಹೂದಿ ಅನ್ನುವುದನ್ನು ಮುಚ್ಚಿಟ್ಟು ಬದುಕಿ ಉಳಿದರು. ಯುದ್ಧ ಮುಗಿದು ಹೊರಗೆ ಬಂದಾಗ ಮನೆಯವರು ಯಾರೂ ಉಳಿದಿರಲಿಲ್ಲ. ಒಂದು ಗುಂಪಿನ ಹೆಸರು ಮನುಷ್ಯನಿಗೆ ಏನು ಮಾಡುತ್ತದೆ ಅನ್ನುವ ಪ್ರಶ್ನೆ ಅವರಿಗೆ ಬರೀ ಓದಿನ ವಿಷಯ ಆಗಿರಲಿಲ್ಲ.

ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲೆಯ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. 14, 15 ವರ್ಷದ ಹುಡುಗರು. ಕ್ಲೀ, ಕ್ಯಾಂಡಿನ್ಸ್ಕಿ ಅನ್ನುವ ಇಬ್ಬರು ಕಲಾವಿದರ ಚಿತ್ರ ತೋರಿಸಿ ಯಾವುದು ಇಷ್ಟ ಅಂತ ಕೇಳಿದರು. "ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್ಸ್ಕಿ ಗುಂಪು" ಅಂದರು. ನಿಜ ಏನೆಂದರೆ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ, ಉಳಿದವರಿಗೆ ಸ್ವಲ್ಪ ಸ್ವಲ್ಪ ಹಣ ಹಂಚಲು ಹೇಳಿದರು. ಯಾರಿಗೆ ಹಂಚುತ್ತಿದ್ದೇನೆ ಅನ್ನುವುದು ಗೊತ್ತಿಲ್ಲ. ಒಂದು ನಂಬರು, ಒಂದು ಗುಂಪಿನ ಹೆಸರು, ಇಷ್ಟೇ. ತನಗೆ ತಾನೇ ಹಾಕಿಕೊಳ್ಳುವ ಹಾಗಿಲ್ಲ.

ಜಗಳ ಇಲ್ಲ, ಹಳೇ ದ್ವೇಷ ಇಲ್ಲ, ಲಾಭವೂ ಇಲ್ಲ. ಆದರೂ ಹೆಚ್ಚಿನ ಹುಡುಗರು ತಮ್ಮ ಗುಂಪಿನವನಿಗೆ ಜಾಸ್ತಿ ಕೊಟ್ಟರು. ಇನ್ನೊಂದು ಸಂಗತಿ ಇದೆ, ನನ್ನನ್ನು ಕಾಡುವುದು ಅದೇ. ಅವರ ಮುಂದಿದ್ದ ಒಂದು ಪಟ್ಟಿಯ ಒಂದು ತುದಿಯಲ್ಲಿ "ನಮ್ಮವನಿಗೆ 19, ಆ ಗುಂಪಿನವನಿಗೆ 25" ಅಂತ ಇತ್ತು. ಇನ್ನೊಂದು ತುದಿಯಲ್ಲಿ "ನಮ್ಮವನಿಗೆ 7, ಆ ಗುಂಪಿನವನಿಗೆ 1". ನಮ್ಮವನಿಗೆ ಒಳ್ಳೆಯದಾಗಲಿ ಅನ್ನುವುದಾದರೆ 19 ಆರಿಸಬೇಕು, ಅಲ್ವಾ? ಅವರ ಒಲವು 7ರ ಕಡೆ ವಾಲಿತು. ನಮ್ಮವನಿಗೆ ಕಡಿಮೆ ಆದರೂ ಸರಿ, ಅವನಿಗಿಂತ ಮೇಲಿರಬೇಕು. 1970ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಇಂಥ ಪ್ರಯೋಗ ನಡೆದಿದೆ.

ಎರಡು ನಿಮಿಷದ ಹಿಂದೆ ಹುಟ್ಟಿದ ಗುಂಪೇ ಹೀಗೆ ಮಾಡಿಸುತ್ತದೆ. ಹುಟ್ಟಿದಾಗಿನಿಂದ ಹೆಸರು, ಊಟ, ದೇವರು, ಮದುವೆ, ಸ್ಮಶಾನ ಎಲ್ಲದರಲ್ಲೂ ನಮ್ಮ ಜೊತೆ ಬರುವ ಗುಂಪು ಎಷ್ಟು ಮಾಡಿಸಬಹುದು, ಯೋಚನೆ ಮಾಡಿ.

ಮೂರು ಪದಗಳನ್ನು ಬಿಡಿಸಿಟ್ಟುಕೊಂಡರೆ ಚರ್ಚೆ ಸುಲಭ. "ಅವರು ಹೀಗೇ" ಅನ್ನುವ ಅಚ್ಚು ತಲೆಯಲ್ಲಿರುತ್ತದೆ, ಅದನ್ನು ಪಡಿಯಚ್ಚು ಅನ್ನುತ್ತಾರೆ. ಅವರನ್ನು ಕಂಡರೆ ಒಳಗೆ ಆಗುವ ಇರುಸುಮುರುಸು ಪೂರ್ವಗ್ರಹ. "ಯಜಮಾನರನ್ನು ಕೇಳಿ ತಿಳಿಸುತ್ತೇನೆ" ಅನ್ನುವುದು ತಾರತಮ್ಯ. ಮೊದಲ ಎರಡು ಇದ್ದೂ ಮೂರನೆಯದನ್ನು ತಡೆಯಬಹುದು. ಮೊದಲ ಎರಡು ಇಲ್ಲ ಅಂತ ನಂಬಿಕೊಂಡೇ ಮೂರನೆಯದನ್ನು ಮಾಡಲೂಬಹುದು.

ಹಾಸನದ_ಹುಡುಗ · ಬುಧವಾರ ಬೆಳಿಗ್ಗೆ 9:30

ಅಮ್ಮಾ, ನಿಮ್ಮನ್ನು ಬೈಯಲು ಬಂದಿಲ್ಲ. ಆದರೆ ಆ ಲೋಟ ಕೆಳಗಿಟ್ಟ ಹುಡುಗನ ಕಡೆಯಿಂದ ನಾಲ್ಕು ಮಾತು ಹೇಳಲೇಬೇಕು. ನಾನೂ ಅದೇ ಕಡೆಯವನು.

ಬೆಂಗಳೂರಿಗೆ ಬಂದ ವರ್ಷ 11 ಮನೆ ನೋಡಿದೆ. ನೇರವಾಗಿ ಜಾತಿ ಕೇಳಿದವರು ಇಬ್ಬರೇ. ಉಳಿದವರೆಲ್ಲಾ ಸುತ್ತಿ ಬಳಸಿ ಕೇಳಿದರು. "ಪೂರ್ತಿ ಹೆಸರೇನು?" "ಅಪ್ಪಾಜಿ ಹೆಸರು?" "ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತೆ?" "ವೆಜ್ಜಾ?" "ಜಮೀನು ಇದೆಯಾ?" "ನಮ್ಮ ಪೈಕಿನಾ?" ಊರಲ್ಲಿ ಮನೆ ಯಾವ ಕಡೆ ಅನ್ನುವುದು ಸಣ್ಣ ಪ್ರಶ್ನೆ ಥರ ಕಾಣುತ್ತದೆ. ನಮ್ಮಂಥವರಿಗೆ ಅದರಲ್ಲೇ ಎಲ್ಲಾ ಇದೆ. ನಮ್ಮ ಕೇರಿ ಊರಿನ ಹೊರಗೇ ತಾನೇ ಇರುವುದು.

ಕೇಳಿದ ತಕ್ಷಣ ಲೆಕ್ಕ ಶುರು ಆಗುತ್ತದೆ. ನಿಜ ಹೇಳಲಾ, ಅರ್ಧ ಹೇಳಲಾ? ಸುಳ್ಳು ಹೇಳಿ ಒಳಗೆ ಹೋದರೆ ಅಮ್ಮ ಊರಿಂದ ಬಂದಾಗ ಏನು ಮಾಡಲಿ? ಅಮ್ಮನಿಗೆ "ಜಾಸ್ತಿ ಮಾತಾಡಬೇಡ" ಅನ್ನಲಾ? ಒಂದು ಸಲ ಹಾಗೇ ಅಂದೆ. ಅವಳು ಎರಡು ದಿನ ಇದ್ದು ಊರಿಗೆ ಹೊರಟುಬಿಟ್ಟಳು. ಅದನ್ನು ಇವತ್ತಿಗೂ ನನಗೆ ಮರೆಯಲು ಆಗಿಲ್ಲ.

ಕೊನೆಗೆ ಮನೆ ಕೊಟ್ಟ ಓನರ್ ಆಂಟಿ ಒಳ್ಳೆಯವರು. ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಿದ್ದರು. ಒಂದು ದಿನ ಅಕ್ಕರೆಯಿಂದಲೇ ಅಂದರು: "ನಿನ್ನನ್ನು ನೋಡಿದರೆ ಹಾಗೆ ಅನ್ನಿಸೋದೇ ಇಲ್ಲಪ್ಪಾ." ಹೊಗಳಿದೆ ಅಂತ ಅವರು ಅಂದುಕೊಂಡರು. ಹಾಗೆ ಅಂದರೆ ಹೇಗೆ? ನನ್ನ ಅಪ್ಪ, ನನ್ನ ಅಣ್ಣ, ನನ್ನ ಊರಿನವರು "ಹಾಗೆ" ಇರುವವರಾ? ನನ್ನೊಬ್ಬನನ್ನು ಅಚ್ಚಿನಿಂದ ಹೊರಗೆ ತೆಗೆದರು. ಅಚ್ಚು ಮಾತ್ರ ಹಾಗೇ ಉಳಿಯಿತು.

ಪಾಠದ_ಮೇಷ್ಟ್ರು · ಬುಧವಾರ ಬೆಳಿಗ್ಗೆ 10:10

ಈ ಕೊನೆಯ ಸಾಲನ್ನು ನಾಳೆ ತರಗತಿಯಲ್ಲಿ ಓದಿ ಹೇಳುತ್ತೇನೆ, ಅಪ್ಪಣೆ ಇದ್ದರೆ.

ನೀವು ಹೇಳಿದ ಆ ಒಳಗಿನ ಲೆಕ್ಕದ ಬಗ್ಗೆ ಒಂದು ಅಧ್ಯಯನ ಇದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅನ್ನುವ ಇಬ್ಬರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ 6, 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಆಟ ಕೊಟ್ಟರು. ಬಿಡಿಸಿದಷ್ಟು ದುಡ್ಡು. ಜಾತಿ ಎತ್ತದೆ ಆಡಿಸಿದಾಗ ಮೇಲ್ಜಾತಿ, ಕೆಳಜಾತಿ ಅಂತ ಕರೆಸಿಕೊಳ್ಳುವ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಥದ್ದೇ ಬೇರೆ ಹುಡುಗರನ್ನು, ಎಲ್ಲರೆದುರು ಹೆಸರು, ಊರು, ಅಪ್ಪನ ಹೆಸರು, ಜಾತಿ ಕೂಗಿ ಹೇಳಿ ಆಡಿಸಿದರು. ಕೆಳಜಾತಿಯ ಹುಡುಗರು ಬಿಡಿಸಿದ್ದು ಕಡಿಮೆ ಆಯಿತು. ಯಾವ ಹುಡುಗ ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ, ಆಟವೂ ಅದೇ. ಬದಲಾಗಿದ್ದು ಕೂಗಿ ಹೇಳಿದ್ದು ಮಾತ್ರ.

ಹಾಜರಿ ಪುಸ್ತಕ ಹಿಡಿದು "ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ" ಅಂತ ಕೂಗುವ ಎಲ್ಲ ಮೇಷ್ಟ್ರುಗಳೂ ಇದನ್ನು ಓದಬೇಕು. ನಾನೂ ಮೊದಲ ಕೆಲವು ವರ್ಷ ಹಾಗೇ ಕೂಗುತ್ತಿದ್ದೆ.

ತುಂಗಾತೀರ · ಬುಧವಾರ ಮಧ್ಯಾಹ್ನ 1:20

ನಾನು ಶಿವಮೊಗ್ಗದವಳು, ಮುಸ್ಲಿಂ. ಹುಡುಗನ ಕಥೆ ಓದಿ ಗಂಟಲು ಕಟ್ಟಿತು.

ನನಗೆ ಸಿಗುವ ಹೊಗಳಿಕೆ ಬೇರೆ. "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ನಾನು ಓದಿದ್ದು ಕನ್ನಡ ಮಾಧ್ಯಮ. ನಮ್ಮಜ್ಜ ಅಡಿಕೆ ವ್ಯಾಪಾರ ಮಾಡಿದ್ದು ಕನ್ನಡದಲ್ಲಿ, ಲೆಕ್ಕ ಬರೆದಿದ್ದು ಕನ್ನಡದಲ್ಲಿ. ನನ್ನ ಪಕ್ಕ ಕೂತ ಗೆಳತಿಗೆ ಯಾರೂ "ನಿಮ್ಮ ಕನ್ನಡ ಚೆನ್ನಾಗಿದೆ" ಅನ್ನುವುದಿಲ್ಲ. ಅವಳಿಗೆ ಅದು ಹುಟ್ಟಿನಿಂದಲೇ ಬಂದ ಹಕ್ಕು. ನಾನು ಪ್ರತಿ ಸಲ ಪರೀಕ್ಷೆ ಬರೆದು ಪಾಸಾಗಬೇಕು.

ಮನೆ ಹುಡುಕುವಾಗ ಬ್ರೋಕರ್ ಒಬ್ಬರು "ಫೋನಲ್ಲಿ ಹೆಸರು ಹೇಳಬೇಡಿ ಮೇಡಂ, ಮೊದಲು ಮನೆ ನೋಡಿ, ಆಮೇಲೆ ನಾನು ಮಾತಾಡುತ್ತೇನೆ" ಅಂದಿದ್ದರು. ಅವರು ನನಗೆ ಸಹಾಯವೇ ಮಾಡುತ್ತಿದ್ದರು.

ಒಂದು ವಿಷಯ ಬಹಳ ದಿನದಿಂದ ತಲೆಯಲ್ಲಿದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅನ್ನುತ್ತೇವಲ್ಲ, ಆ ಗಾದೆಯನ್ನು ನಾವು ಬೇರೆಯವರ ಮೇಲೆ ಮಾತ್ರ ಹೇರುತ್ತೇವೆ. ನಮ್ಮವನು ಕಳ್ಳತನ ಮಾಡಿದರೆ "ಅವನೊಬ್ಬ ಹಾಗೆ, ಸಹವಾಸ ಸರಿ ಇರಲಿಲ್ಲ". ಅವರವನು ಮಾಡಿದರೆ "ಅವರೆಲ್ಲಾ ಅಷ್ಟೇ". ನಮ್ಮವನು ಒಳ್ಳೆಯದು ಮಾಡಿದರೆ "ನಮ್ಮವರೇ ಹಾಗೆ". ಅವರವನು ಮಾಡಿದರೆ "ಅವನೊಬ್ಬ ಬೇರೆ ಥರ". ಅದೇ ಅಗುಳು, ಅದೇ ಪಾತ್ರೆ. ಹಿಚುಕುವ ಬೆರಳಿಗೆ ಬೇಕಾದ ಹಾಗೆ ಲೆಕ್ಕ ತಿರುಗುತ್ತದೆ.

ನಮ್ಮ ಮನೆಯಲ್ಲೂ ಇದು ಇದೆ. ಪಕ್ಕದ ಖಾಲಿ ಮನೆಗೆ ಯಾರು ಬರುತ್ತಾರೆ ಅಂದರೆ ನಮ್ಮ ಅಮ್ಮ ಮೊದಲು ಕೇಳುವುದು "ನಮ್ಮೋರಾ?" ಅಂತಲೇ.

ಸ್ವಂತ_ಮನೆ · ಬುಧವಾರ ಮಧ್ಯಾಹ್ನ 2:45

ನೋಡಿ, ಅದನ್ನೇ ನಾನು ಹೇಳಿದ್ದು. ಎಲ್ಲರೂ ಮಾಡುತ್ತಾರೆ. ಮೇಷ್ಟ್ರು ಹೇಳಿದ ಪ್ರಯೋಗದಲ್ಲೂ ಮಕ್ಕಳೇ ಮಾಡಿದರು. ಮನುಷ್ಯನ ಸ್ವಭಾವವೇ ಹಾಗೆ ಅಂದಮೇಲೆ ಒಬ್ಬರನ್ನು ತಪ್ಪಿತಸ್ಥರು ಮಾಡುವುದು ಯಾಕೆ?

ಕರಿಕೋಟು · ಬುಧವಾರ ಸಂಜೆ 6:50

ವಕೀಲಿ ಮಾಡುತ್ತೇನೆ. ಸರ್, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ "ಎಲ್ಲರೂ ಮಾಡುತ್ತಾರೆ" ಅನ್ನುವುದರಲ್ಲಿ ಒಂದು ದೊಡ್ಡ ವಿಷಯ ಮರೆಯಾಗುತ್ತದೆ. ಒಲವು ಎಲ್ಲರಲ್ಲೂ ಇರಬಹುದು. ಬೀಗದ ಕೈ ಎಲ್ಲರ ಹತ್ತಿರ ಇರುವುದಿಲ್ಲ. ಮನೆ ಯಾರದು, ಕಂಪನಿ ಯಾರದು, ಇಂಟರ್‌ವ್ಯೂ ಮಾಡುವ ಕುರ್ಚಿ ಯಾರದು? ಈ ಹಾಸನದ ಹುಡುಗನಿಗೂ ತನ್ನವರ ಮೇಲೆ ಒಲವು ಇರಬಹುದು. ಅದರಿಂದ ಯಾರು ಬೀದಿಯಲ್ಲಿ ನಿಂತರು, ಹೇಳಿ. ನಿಮ್ಮ ಒಲವಿನಿಂದ ನಿಂತವರು ಇದ್ದಾರೆ.

ಲೆಕ್ಕವೂ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪೇಪರ್‌ನಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಥರದ ಓದು, ಅನುಭವ ಇರುವ ಅರ್ಜಿಗಳನ್ನು ಕಳಿಸಿದರು. ಹೆಸರು ಮಾತ್ರ ಬೇರೆ. ಒಂದು ಮೇಲ್ಜಾತಿ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. 548 ಜಾಹೀರಾತು, 4,808 ಅರ್ಜಿ. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು. 2007ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಥೋರಟ್ ಮತ್ತು ಜೊತೆಗಾರರು ದೆಹಲಿ ಸುತ್ತಮುತ್ತ ಬಾಡಿಗೆ ಮನೆಗಳ ಬಗ್ಗೆಯೂ ಇಂಥದ್ದೇ ಅಧ್ಯಯನ ಮಾಡಿದರು. ಕಥೆ ಅಲ್ಲೂ ಅದೇ. ಈ ಅರ್ಜಿಗಳನ್ನು ಪಕ್ಕಕ್ಕಿಟ್ಟವರಲ್ಲಿ ಎಷ್ಟು ಜನ ತಮ್ಮನ್ನು ದ್ವೇಷಿಗಳು ಅಂತ ಒಪ್ಪಿಕೊಳ್ಳುತ್ತಿದ್ದರು?

ಕಾನೂನು ಏನು ಹೇಳುತ್ತೆ ಅಂತ ಕೆಲವರಿಗೆ ಅನುಮಾನ ಇರಬಹುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆ. 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಹೆಸರು ಹಿಡಿದು ಹೇಳುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ಸಂಘದ ಪ್ರಕರಣದಲ್ಲಿ, ತಮ್ಮ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನುವ ನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಆ ತೀರ್ಪು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಇನ್ನೊಂದು ಕಷ್ಟ ಸಾಕ್ಷಿಯದು. ಬಾಯಿಬಿಟ್ಟು "ನಿಮ್ಮ ಜಾತಿಗೆ ಕೊಡಲ್ಲ" ಅಂತ ಯಾರು ಹೇಳುತ್ತಾರೆ? "ಬೆಳಿಗ್ಗೆನೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು" ಅನ್ನುತ್ತಾರೆ. ಟು-ಲೆಟ್ ಬೋರ್ಡು ಮಾತ್ರ ಇನ್ನೂ ಗೇಟಿನಲ್ಲೇ ನೇತಾಡುತ್ತಿರುತ್ತದೆ.

ಹುಬ್ಬಳ್ಳಿ_ಹೈದ · ಬುಧವಾರ ರಾತ್ರಿ 9:00

ಸ್ವಭಾವ ಅನ್ನುವ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಸಮುದಾಯದ ಪಡಿಯಚ್ಚನ್ನು ಮಾಡಿದ್ದು ಸ್ವಭಾವ ಅಲ್ಲ, ಸರ್ಕಾರ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ ತಂದರು. ಆ ಕಾಯ್ದೆಯಲ್ಲಿ ಹುಟ್ಟೇ ಅಪರಾಧ. ಕದ್ದರೋ ಇಲ್ಲವೋ, ಪಟ್ಟಿಯಲ್ಲಿರುವ ಜಾತಿಯಲ್ಲಿ ಹುಟ್ಟಿದರೆ ಸಾಕು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಲು ಪಾಸು ಬೇಕು. ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದವರೂ ಇದರಲ್ಲಿ ಸಿಕ್ಕಿಬಿದ್ದರು. ತಿರುಗುವುದೇ ಅನುಮಾನಕ್ಕೆ ಕಾರಣ ಆಯಿತು. ತಂದು ಒಂದೇ ಕಡೆ ಕೂಡಿ ಹಾಕಿದ ಜಾಗಕ್ಕೆ ಸೆಟ್ಲಮೆಂಟ್ ಅಂತ ಹೆಸರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇವತ್ತಿಗೂ ಜನ ಆ ಓಣಿಗಳನ್ನು ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ ನಮಗೆ ಬಂತು. ವಿಮುಕ್ತರು ಅಂತ ಹೆಸರಿಟ್ಟರು. ಕಾಗದದ ಮೇಲೆ ಬಿಡುಗಡೆ ಆಯಿತು. ಮಂದಿಯ ತಲೆಯಿಂದ ಆಗಲಿಲ್ಲ.

ನಾನು 5ನೇ ತರಗತಿಯಲ್ಲಿದ್ದೆ. ಒಬ್ಬ ಹುಡುಗನ ಜಾಮಿಟ್ರಿ ಬಾಕ್ಸ್ ಕಳೆಯಿತು. ಸರ್ ಯಾರನ್ನೂ ಏನೂ ಕೇಳಲಿಲ್ಲ. ನೇರ ನನ್ನ ಹತ್ತಿರ ಬಂದು ನನ್ನ ಪಾಟಿಚೀಲ ನೆಲಕ್ಕೆ ಸುರಿದರು. ಎರಡು ಪುಸ್ತಕ, ಅವ್ವ ಕಟ್ಟಿಕೊಟ್ಟ ರೊಟ್ಟಿ. ಬಾಕ್ಸ್ ಆಮೇಲೆ ಆ ಹುಡುಗನ ಮನೆಯಲ್ಲೇ ಸಿಕ್ಕಿತು. ರೊಟ್ಟಿ ನೆಲದ ಮೇಲೆ ಬಿದ್ದಿದ್ದು ಎಲ್ಲರೂ ನೋಡಿದ್ದರು. ಸರ್ ಕೆಟ್ಟವರಲ್ಲ. ನನಗೆ ಗಣಿತ ಕಲಿಸಿದವರೂ ಅವರೇ. ಅವರ ತಲೆಯಲ್ಲಿ 1871 ಇತ್ತು, ಅದು ಅವರಿಗೇ ಗೊತ್ತಿರಲಿಲ್ಲ.

ಮಲ್ಲಿಗೆ_ಮೈಸೂರು · ಬುಧವಾರ ರಾತ್ರಿ 9:40

ಎಲ್ಲ ಓದುತ್ತಿದ್ದೇನೆ. ಹುಬ್ಬಳ್ಳಿಯ ತಮ್ಮಾ, ಆ ರೊಟ್ಟಿಯ ಸಾಲು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ನಾನೂ ಶಾಲೆಯಲ್ಲಿ ಚೀಲ ತಪಾಸಣೆ ಮಾಡಿದ್ದೇನೆ. ಯಾರ ಚೀಲದಿಂದ ಶುರು ಮಾಡುತ್ತಿದ್ದೆ ಅಂತ ನೆನಪಿಸಿಕೊಳ್ಳುತ್ತಿದ್ದೇನೆ.

ಕೊಪ್ಪಳ_ಕಡೆಯವ · ಗುರುವಾರ ಬೆಳಿಗ್ಗೆ 8:15

ಜಾತಿ ಒಂದೇ ಅಲ್ಲ ಅಕ್ಕಾರೆ. ಒಂದೇ ರಾಜ್ಯದ ಒಳಗೂ ಇದೆ. ನಾನು ಮಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಹೋದಾಗ ನಮಗೆಲ್ಲಾ ಒಂದೇ ಹೆಸರು, "ಘಟ್ಟದವರು". ಎಲ್ಲೇ ಏನೇ ಕಳುವಾದರೂ ಮೊದಲು ನಮ್ಮ ಶೆಡ್ಡಿನ ಕಡೆ ನೋಡುತ್ತಿದ್ದರು. ಮಾತಾಡಿದರೆ ನಗು. ನಮ್ಮ ಕನ್ನಡ ಅವರಿಗೆ ಒರಟು.

ಆದರೆ ನಾನು ಮಾಡಿದ್ದನ್ನೂ ಹೇಳಬೇಕು. ಆಮೇಲೆ ಬೆಂಗಳೂರಿಗೆ ಬಂದು ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಅಸ್ಸಾಂನ ಇಬ್ಬರು ಹುಡುಗರಿದ್ದರು. ನಾವೆಲ್ಲಾ ಅವರನ್ನು ಕರೆಯುತ್ತಿದ್ದ ಹೆಸರು ಇಲ್ಲಿ ಬರೆಯಲು ನಾಚಿಕೆ ಆಗುತ್ತದೆ. ನಾನೂ ಹಾಗೇ ಕರೆದೆ. ಮಂಗಳೂರಲ್ಲಿ ನನಗೆ ಆದದ್ದು ಅಷ್ಟು ಬೇಗ ಮರೆತಿದ್ದೆ. ಬೆಂಗಳೂರಲ್ಲಿ ನಾನು "ನಮ್ಮವನು" ಆಗಿದ್ದೆ, ಅವರು ಹೊರಗಿನವರು.

2012ರ ಆಗಸ್ಟ್ ತಿಂಗಳು. ಜುಲೈನಲ್ಲಿ ಅಸ್ಸಾಂನ ಕೊಕ್ರಝಾರ್ ಕಡೆ ಗಲಭೆ ಆಗಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಮಾಡುತ್ತಾರೆ ಅಂತ ಮೆಸೇಜುಗಳು ಹರಿದಾಡಿದವು. ಆಗಸ್ಟ್ 15ರ ರಾತ್ರಿ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಊರು ಬಿಟ್ಟರು. ಸರ್ಕಾರ ಒಂದೇ ಸಲ ತುಂಬಾ ಜನರಿಗೆ ಎಸ್ಸೆಮ್ಮೆಸ್ ಕಳಿಸುವುದನ್ನೇ 15 ದಿನ ನಿಲ್ಲಿಸಿತು. ನಮ್ಮ ಹೋಟೆಲಿನ ಆ ಇಬ್ಬರೂ ಹೋದರು, ಸಂಬಳ ಕೂಡ ತೆಗೆದುಕೊಳ್ಳದೆ. "ಸುಳ್ಳು ಸುದ್ದಿಗೆ ಯಾಕೆ ಹೆದರುತ್ತಾರೋ" ಅಂತ ನಾವು ಮಾತಾಡಿಕೊಂಡೆವು. ಆಮೇಲೆ ಯೋಚನೆ ಮಾಡಿದೆ. ದಿನಾ ಹೀಯಾಳಿಸುವ ಜನರ ನಡುವೆ ಇರುವವರಿಗೆ, ನಾಳೆ ಹೊಡೆಯುತ್ತಾರೆ ಅನ್ನುವ ಸುದ್ದಿ ಯಾಕೆ ಸುಳ್ಳು ಅನ್ನಿಸಬೇಕು?

ಮಳೆಊರು_ಸಿಯಾಟಲ್ · ಗುರುವಾರ ಬೆಳಿಗ್ಗೆ 10:30

ನಾನಿರುವ ಊರು ಸಿಯಾಟಲ್. 2023ರ ಫೆಬ್ರವರಿಯಲ್ಲಿ ಇಲ್ಲಿನ ನಗರ ಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಇದು. ಆಗ ಎಷ್ಟೋ ಜನ "ಇಲ್ಲಿ ಜಾತಿ ಎಲ್ಲಿದೆ" ಅಂತ ಕೇಳಿದರು. ನನಗೆ ಒಂದು ಘಟನೆ ನೆನಪಾಯಿತು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಮನೆಯ ಊಟಕ್ಕೆ ಕರೆದಿದ್ದರು. ಬಡಿಸುತ್ತಾ ಒಬ್ಬರು "ನಿಮ್ಮ ಕಡೆ ಹಬ್ಬಕ್ಕೆ ಏನು ಮಾಡುತ್ತಾರೆ?" ಅಂದರು. ಮನೆದೇವರು ಯಾವುದು ಅನ್ನುವುದರ ಇನ್ನೊಂದು ರೂಪ. ಅದೇ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ನಮ್ಮನ್ನು ನೋಡಿ "ನಿಮ್ಮ ದೇಶಕ್ಕೆ ಹೋಗಿ" ಅಂದಿದ್ದ. ಬಡಿಸುತ್ತಿದ್ದವರೂ ಆಗ ನಮ್ಮ ಜೊತೆಯಲ್ಲೇ ಇದ್ದರು.

ಸ್ವಂತ_ಮನೆ · ಗುರುವಾರ ಮಧ್ಯಾಹ್ನ 12:00

ಎಲ್ಲರ ಅನುಭವ ಓದಿದೆ. ಹುಬ್ಬಳ್ಳಿಯವರದ್ದು ಓದಿ ನೋವಾಯಿತು. ಆದರೂ ನನ್ನ ಪ್ರಶ್ನೆ ಇನ್ನೂ ಇದೆ. ನಾವು ಯಾರನ್ನೂ ದೂರ ಇಟ್ಟಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವವರು 20 ವರ್ಷದಿಂದ ಇದ್ದಾರೆ, ಮನೆಯವರ ಹಾಗೇ ನೋಡಿಕೊಂಡಿದ್ದೇವೆ. ಅವರ ಮಗಳ ಮದುವೆಗೆ ನಾವೇ ಸೀರೆ ಕೊಟ್ಟೆವು. ಜೊತೆಯಲ್ಲಿದ್ದರೆ ಪೂರ್ವಗ್ರಹ ಹೋಗುತ್ತೆ ಅಂತ ಜನ ಹೇಳುತ್ತಾರೆ. ನಾವು ಜೊತೆಯಲ್ಲೇ ಇದ್ದೇವಲ್ಲ?

ಪಾಠದ_ಮೇಷ್ಟ್ರು · ಗುರುವಾರ ಸಂಜೆ 5:30

ಸರ್, ನೀವು ಪ್ರಾಮಾಣಿಕವಾಗಿ ಕೇಳಿದ್ದೀರಿ. ಅವರು ನಿಮ್ಮ ಮನೆಯಲ್ಲಿ ಕಾಫಿ ಕುಡಿಯುವ ಲೋಟ ಯಾವುದು? ನಿಮಗೂ ಅವರಿಗೂ ಒಂದೇ ಲೋಟವಾ? ಅವರು ಕೂರುವುದು ಎಲ್ಲಿ?

ಗಾರ್ಡನ್ ಆಲ್‌ಪೋರ್ಟ್ ಅನ್ನುವ ಮನಃಶಾಸ್ತ್ರಜ್ಞ 1954ರಲ್ಲೇ ಹೇಳಿದ್ದ ಮಾತು ಇದು. ಬರೀ ಒಡನಾಟ ಸಾಲದು. ಇಬ್ಬರೂ ಸರಿಸಮ ನಿಂತಿರಬೇಕು, ಒಂದೇ ಗುರಿಗೆ ಒಟ್ಟಿಗೆ ದುಡಿಯಬೇಕು, ಮೇಲಿನವರ ಬೆಂಬಲವೂ ಇರಬೇಕು. ಒಬ್ಬರು ಕೊಡುವವರು, ಇನ್ನೊಬ್ಬರು ತೆಗೆದುಕೊಳ್ಳುವವರು ಆಗಿ 20 ವರ್ಷ ಇದ್ದರೆ ಅಚ್ಚು ಕರಗುವ ಬದಲು ಗಟ್ಟಿಯಾಗಲೂಬಹುದು.

ನಮ್ಮ ದೇಶದ್ದೇ ಉದಾಹರಣೆ ಇದೆ. ಮ್ಯಾಥ್ಯೂ ಲೋ ಅನ್ನುವ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಅವರಲ್ಲಿ ಹಲವರನ್ನು ಒಂದು ತಿಂಗಳ ಕ್ರಿಕೆಟ್ ಲೀಗ್ ಆಡಿಸಿದರು. ಕೆಲವು ತಂಡಗಳಲ್ಲಿ ಒಂದೇ ಜಾತಿಯವರು, ಕೆಲವುಗಳಲ್ಲಿ ಎಲ್ಲರೂ ಬೆರೆತವರು. ಒಂದೇ ತಂಡದಲ್ಲಿ ಬೇರೆ ಜಾತಿಯವರ ಜೊತೆ ಆಡಿದವರಿಗೆ ಬೇರೆ ಜಾತಿಯ ಗೆಳೆಯರು ಹೆಚ್ಚಾದರು. ಎದುರಾಳಿಗಳಾಗಿ ಆಡಿದವರಲ್ಲಿ ಆ ಥರ ಆಗಲಿಲ್ಲ, ಬಹಳಷ್ಟು ವಿಷಯದಲ್ಲಿ ಉಲ್ಟಾ ಆಯಿತು. ಇಬ್ಬರಿಗೂ ಒಡನಾಟ ಸಿಕ್ಕಿತ್ತು. ಎಂಥ ಒಡನಾಟ ಅನ್ನುವುದು ಬೇರೆಯಾಗಿತ್ತು.

ಮೇಲಿನ ಮನೆ, ಕೆಳಗಿನ ಮನೆ ಅನ್ನುವುದೂ ಹಾಗೇ. ಬಾಡಿಗೆ ಕೊಟ್ಟು ಇರುವವನು ನಿಮ್ಮ ದಯೆಯಲ್ಲಿ ಇರುವುದಿಲ್ಲ. ನೀರು ಬರದಿದ್ದರೆ ಇಬ್ಬರಿಗೂ ಬರುವುದಿಲ್ಲ, ಟ್ಯಾಂಕರ್ ಇಬ್ಬರೂ ಸೇರಿಯೇ ತರಿಸಬೇಕು.

ಸ್ವಂತ_ಮನೆ · ಗುರುವಾರ ಸಂಜೆ 6:10

ಲೋಟ ಬೇರೆ ಇದೆ. ನಮ್ಮ ತಾಯಿ ಇದ್ದಾಗಿನಿಂದ ಹಾಗೇ ನಡೆದು ಬಂದಿದೆ. ನಾನು ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ. ಬಾಡಿಗೆ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಲೋಟದ ಬಗ್ಗೆ ಮನೆಯಲ್ಲಿ ಮಾತಾಡುತ್ತೇನೆ.

ಹಾಸನದ_ಹುಡುಗ · ಗುರುವಾರ ಸಂಜೆ 7:00

ಇಷ್ಟು ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್ ಸರ್. ಬೇರೆ ಲೋಟ ಇದೆ ಅಂತ ತಾವೇ ಬಾಯಿಬಿಟ್ಟು ಹೇಳಿದವರನ್ನು ನಾನು ನೋಡಿದ್ದು ಇದೇ ಮೊದಲು. ಆದರೆ ಒಂದು ಮಾತು. ಕೆಲಸದವರಿಗೆ ಆ ಲೋಟದ ಬಗ್ಗೆ 20 ವರ್ಷದಿಂದ ಗೊತ್ತಿದೆ. ಪ್ರತಿ ದಿನ, ಪ್ರತಿ ಕಾಫಿಗೆ.

ಅಮ್ಮಾ, ಆ ಬ್ಯಾಂಕಿನ ಹುಡುಗನಿಗೆ ಫೋನ್ ಮಾಡಿದಿರಾ?

ಮಲ್ಲಿಗೆ_ಮೈಸೂರು · ಶನಿವಾರ ರಾತ್ರಿ 8:20

ಮಾಡಿದೆ. ನಿನ್ನೆ ಮಾಡಿದೆ. ಮೊದಲು ತಪ್ಪಾಯಿತು ಅಂದೆ. ಆಮೇಲೆ ಮನೆ ನಿಮಗೇ ಕೊಡುತ್ತೇವೆ ಅಂದೆ. ಅವನು ಮರ್ಯಾದೆಯಿಂದಲೇ ಮಾತಾಡಿದ. "ಫೋನ್ ಮಾಡಿದ್ದಕ್ಕೆ ಖುಷಿ ಆಯಿತು ಆಂಟಿ. ಆದರೆ ಬೇಡ. ಮೆಟ್ಟಿಲು ಹತ್ತುವಾಗೆಲ್ಲಾ ಆ ದಿನದ ನೆನಪಾಗುತ್ತೆ. ನನ್ನ ಹೆಂಡತಿಗೆ ಅದೆಲ್ಲಾ ಬೇಡ" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಮನೆ ಸಿಕ್ಕಿತಾ ಅಂತ ಕೇಳಿದೆ. ಇನ್ನೂ ಹುಡುಕುತ್ತಿದ್ದಾರಂತೆ.

ಇವತ್ತು ಬ್ರೋಕರ್ ಇನ್ನೊಬ್ಬರನ್ನು ಕರೆದುಕೊಂಡು ಬಂದಿದ್ದರು. ಗಂಡ, ಹೆಂಡತಿ, ಒಂದು ಮಗು. ಎಷ್ಟು ಜನ ಇರುತ್ತೀರಿ, ಗಾಡಿ ಎಷ್ಟು, ಯಾವಾಗ ಬರುತ್ತೀರಿ ಅಂತ ಮೂರು ಪ್ರಶ್ನೆ ಕೇಳಿದೆ. ಆಯಿತು ಅಂದೆ. ಅವರು ಹೋದ ಮೇಲೆ ಬ್ರೋಕರ್ ಗೇಟಿನ ಹತ್ತಿರ ನಿಂತು, ದನಿ ತಗ್ಗಿಸಿ, "ಮೇಡಂ, ಅವರು ಯಾರ ಪೈಕಿ ಅಂತ ನೀವು ಕೇಳಲೇ ಇಲ್ಲವಲ್ಲ?" ಅಂದರು. ಗೊತ್ತಿರಬೇಕಾದ ವಿಷಯ ಅಲ್ಲ ಅಂದೆ. ಯಜಮಾನರು ಒಳಗಿಂದ ಕೇಳಿಸಿಕೊಂಡರು. ರಾತ್ರಿ ಊಟ ಮಾಡುವಾಗ ಒಂದು ಮಾತೂ ಆಡಲಿಲ್ಲ.

ಒಂದನೇ ತಾರೀಖು ಅವರು ಸಾಮಾನು ತರುತ್ತಾರೆ. ಮೇಲಿನ ಮನೆಗೆ ಸುಣ್ಣ ಹೊಡೆಸುವುದು ಇನ್ನೂ ಬಾಕಿ ಇದೆ.